ಎಣ್ಣೆಗೆ ಬಂದ ಬೀಗ

ನನ್ನ ತಂಗಿ ಮಂದಾಕಿನಿಯ ಬಲಗೈ ಮುರಿದ ಸುದ್ದಿಯನ್ನು ನನಗೆ ಹೇಳಿದವಳು ಅವಳೇ. ಈ ಸಲದ ಬದನೆಕಾಯಿ ಹುಳುಕು ಅನ್ನುವ ಧಾಟಿಯಲ್ಲಿ ಹೇಳಿದಳು. ಮುಂಗೈಯಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ನನ್ನ ನಡುಮನೆಯ ಚಾಪೆಯ ಮೇಲೆ ಕೂತು, ಎಡಗೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು, “ಅವರು ಬಾಗಿಲು ಜೋರಾಗಿ ಹಾಕಿದ್ರು ಅಕ್ಕಾ, ನನ್ ಕೈ ಮಧ್ಯ ಇತ್ತು” ಅಂದಳು. ಕೈ ಅಲ್ಲಿರುವುದು ನಿನ್ನ ಗಂಡನಿಗೆ ಕಾಣಿಸಿತ್ತಾ ಎಂದು ಕೇಳಿದೆ. ಕಾಣಿಸಿತ್ತು, ನೋಡಿಕೊಂಡೇ ಹಾಕಿದರು ಎಂದಳು. ಆಮೇಲೆ ಕಾಫಿಗೆ ಸಕ್ಕರೆ ಸ್ವಲ್ಪ ಕಡಿಮೆಯಾಗಿದೆ ಎಂದಳು.

ನಾನು ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಒದ್ದೆ. ಕಲ್ಲಿಗೇನೂ ಆಗಲಿಲ್ಲ, ನನ್ನ ಹೆಬ್ಬೆರಳು ಊದಿಕೊಂಡಿತು. ನಮ್ಮೂರಿನಲ್ಲಿ ಹೀಗೆ ಕಲ್ಲಿಗೆ ಒದೆಯುವ ಹೆಂಗಸು ನಾನೊಬ್ಬಳೇ.

ನಮ್ಮಲ್ಲಿ ಹನ್ನೆರಡು ತುಂಬಿದ ಮಕ್ಕಳ ಸಿಟ್ಟಿಗೆ ಬೀಗ ಹಾಕುತ್ತಾರೆ. ಗಂಡುಹುಡುಗರ ಬೀಗದಕೈಯನ್ನು ಅವರವರ ಉಡಿದಾರಕ್ಕೇ ಕಟ್ಟುತ್ತಾರೆ. ಅವರು ಅವತ್ತು ಸಂಜೆಯೊಳಗೆ ಬೀಗ ತೆಗೆದುಕೊಳ್ಳುತ್ತಾರೆ, ಮತ್ತೆ ಸಾಯುವವರೆಗೆ ಹಾಕುವ ಗೋಜಿಗೆ ಹೋಗುವುದಿಲ್ಲ. ಹೆಣ್ಣುಮಕ್ಕಳದು ಅಪ್ಪನ ಹತ್ತಿರ ಇರುತ್ತದೆ. ಧಾರೆ ಎರೆಯುವಾಗ ನೀರಿನ ಜೊತೆ ಅದೂ ಗಂಡಿನ ಬೊಗಸೆಗೆ ಬೀಳುತ್ತದೆ. ಬೀಗಗಳನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಪಡಸಾಲೆಯ ಕಬ್ಬಿಣದ ಸರಳಿಗೆ ತೂಗುಹಾಕುತ್ತಾರೆ. ನೆಂಟರು ಬಂದರೆ ಮೊದಲು ಅದನ್ನು ನೋಡಿ, ನಿಮ್ಮ ಸೊಸೆಯ ಬೀಗ ಎಷ್ಟು ಹೊಳೆಯುತ್ತಿದೆ ಎಂದು ಹೊಗಳಿ ಆಮೇಲೆ ಕೂರುತ್ತಾರೆ. ಹೊರಗಿನಿಂದ ಬಂದವರು ನಿಮ್ಮೂರಿನ ಹೆಣ್ಣುಮಕ್ಕಳು ಅದೆಷ್ಟು ತಣ್ಣಗಿದ್ದಾರಪ್ಪಾ ಎಂದು ಮೂಗಿನ ಮೇಲೆ ಬೆರಳಿಟ್ಟುಕೊಳ್ಳುತ್ತಾರೆ. ಅದನ್ನು ಕೇಳಿ ನಮ್ಮ ಗಂಡಸರು ಮೀಸೆ ತಿರುವುತ್ತಾರೆ. ನನಗೆ ಆ ಮೀಸೆಗಳನ್ನು ಒಂದೊಂದಾಗಿ ಕಿತ್ತು ಕೈಗೆ ಕೊಡಬೇಕು ಅನ್ನಿಸುತ್ತದೆ.

ಹಾಗಂತ ಇಲ್ಲಿ ಹೆಂಗಸರ ಸಿಟ್ಟು ಯಾರಿಗೂ ಬೇಡ ಅಂದುಕೊಳ್ಳಬೇಡಿ. ಬೀದಿ ನಲ್ಲಿಯ ಹತ್ತಿರ ಸರದಿಗೆ ಜಗಳ ಹತ್ತಿಕೊಂಡರೆ ಅತ್ತೆಯರು ಮನೆಗೆ ಓಡಿಬಂದು, ಮಗನ ಹತ್ತಿರ ಬೀಗದಕೈ ಇಸಿದುಕೊಂಡು, ಸೊಸೆಯ ಬೀಗ ತೆಗೆದು, ಕೊಡ ಕೈಗೆ ಕೊಟ್ಟು ಕಳಿಸುತ್ತಾರೆ. ಸೊಸೆ ಹೋಗಿ ಎದುರಿನವಳ ಜನ್ಮ ಜಾಲಾಡಿ ನೀರು ತುಂಬಿಕೊಂಡು ಬರುತ್ತಾಳೆ. ಬಂದ ತಕ್ಷಣ ಬೀಗ ಹಾಕುತ್ತಾರೆ. ಸಂಜೆ ಅದೇ ಎದುರಿನವಳಿಗೆ ಇವಳೇ ಮಜ್ಜಿಗೆ ಕೊಡುತ್ತಾಳೆ. ನನ್ನ ತಂಗಿ ಇದರಲ್ಲಿ ಇಡೀ ಬೀದಿಗೇ ಹೆಸರುವಾಸಿ. ಅವಳ ಗಂಡ ಪಂಚಾಕ್ಷರಿಗೆ ಹಿಟ್ಟಿನ ಗಿರಣಿ ಇದೆ. ಚರಂಡಿಯ ವಿಷಯಕ್ಕೆ ಪಕ್ಕದ ಮನೆಯವರ ಮೇಲೆ ಅವಳನ್ನು ಛೂ ಬಿಡುವಾಗ ಅವನು ಅವಳ ಹಿಂದೆಯೇ ಬೀಗ ಹಿಡಿದು ನಿಂತಿರುತ್ತಾನೆ. ಅವಳ ಕತ್ತು ತನ್ನ ಕಡೆ ತಿರುಗುವ ಸೂಚನೆ ಕಂಡರೆ ಸಾಕು, ಕೊಂಡಿ ಒತ್ತಿ ಬೀಗದಕೈ ತಿರುಗಿಸಿಬಿಡುತ್ತಾನೆ. ನಾನೇ ಕಣ್ಣಾರೆ ನೋಡಿದ್ದೇನೆ. ಬೈಗುಳದ ಅರ್ಧದಲ್ಲಿ ಅವಳ ಬಾಯಿ ಹಾಗೇ ನಿಂತು, ಮುಖ ಸಪ್ಪಗಾಗಿ, ಅಡುಗೆಗೆ ಹೊತ್ತಾಯಿತು ಎಂದು ಒಳಗೆ ಹೋದಳು.

ನನ್ನ ಕಥೆ ಬೇರೆ. ನನ್ನ ಹೆಸರು ದಾಕ್ಷಾಯಿಣಿ. ನನಗೆ ಗಂಡು ಗೊತ್ತಾದಾಗ ನಮ್ಮಪ್ಪ ಗಂಡಿನ ಕಡೆಯವರನ್ನು ಮೆಚ್ಚಿಸುವ ಆತುರದಲ್ಲಿ ಧಾರೆಯವರೆಗೂ ಕಾಯದೆ ನಿಶ್ಚಿತಾರ್ಥದ ದಿನವೇ ನನ್ನ ಬೀಗದಕೈ ಕೊಟ್ಟುಬಿಟ್ಟ. ಅವರಿಗೆ ಇನ್ನೊಂದು ಒಳ್ಳೆ ಸಂಬಂಧ ಸಿಕ್ಕಿತು, ಮದುವೆ ಮುರಿಯಿತು, ಬೀಗದಕೈ ವಾಪಸು ಬರಲಿಲ್ಲ. ಕೇಳಿದರೆ ಎಲ್ಲೋ ಕಳೆದುಹೋಯಿತು ಅಂದರು. ಅದರ ಬಗ್ಗೆ ನನಗೆ ಆಗ ಏನೂ ಅನ್ನಿಸಲಿಲ್ಲ, ಹೇಗೆ ಅನ್ನಿಸೀತು? ಬರೀ ಬೇಸರ ಇತ್ತು. ಮಧ್ಯಾಹ್ನ ಹೊತ್ತು ಹೋಗದೆ ನನ್ನ ಬೀಗವನ್ನೇ ತೊಡೆಯ ಮೇಲಿಟ್ಟುಕೊಂಡು ಹೇರ್‌ಪಿನ್ನಿನಿಂದ ಕೆದಕುತ್ತಾ ಕೂರುತ್ತಿದ್ದೆ. ಬೇರೆಯವರು ಚೌಕಾಬಾರ ಆಡುತ್ತಾರಲ್ಲ, ಹಾಗೆ. ಒಳಗೆ ಏನೋ ಏಳುತ್ತದೆ, ಇಳಿಯುತ್ತದೆ, ಕಿವಿಯಿಟ್ಟರೆ ಕೇಳಿಸುತ್ತದೆ. ಅದರಲ್ಲಿ ನನಗೆ ರುಚಿ ಹತ್ತಿತು. ಸಂತೆಯ ಗುಜರಿಯಿಂದ ಹಳೇ ಬೀಗಗಳನ್ನು ತಂದು ಬಿಚ್ಚಿ ಜೋಡಿಸಿ ಕಲಿತೆ. ಒಂದು ದಿನ ನನ್ನದೂ ತೆಗೆದುಕೊಂಡಿತು.

ಕೂಡಿಟ್ಟ ಸಿಟ್ಟು ಒಟ್ಟಿಗೇ ಬರುತ್ತದೆ, ಆದರೆ ಸಾಲಾಗಿ ಬರುತ್ತದೆ, ಹಳೆಯದು ಮೊದಲು. ನನಗೆ ಮೊದಲು ಬಂದದ್ದು ಕೊಳಲು ಊದಲು ಹೆಣ್ಣುಮಕ್ಕಳಿಗೆ ಉಸಿರಿರುವುದಿಲ್ಲ ಅಂದಿದ್ದ ಮೇಷ್ಟರ ಮೇಲೆ. ಆಮೇಲೆ ಗಂಡಿನ ಕಡೆಯವರ ಮೇಲೆ. ಬೀಗದಕೈ ಕಳೆಯಿತು ಅಂದರೂ ಸುಮ್ಮನಾದ ಅಪ್ಪನ ಸರದಿ ಬರುವ ಹೊತ್ತಿಗೆ ಅಪ್ಪ ತೀರಿಕೊಂಡು ವರ್ಷವಾಗಿತ್ತು. ಆ ಸಿಟ್ಟನ್ನು ಎಲ್ಲಿಡಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತೇ ಬೀಗವನ್ನು ಬಿಚ್ಚಿ ಒಳಗಿನ ಪಿನ್ನು ಬದಲಾಯಿಸಿ, ಅರದಲ್ಲಿ ಉಜ್ಜಿ ನನ್ನದೇ ಬೀಗದಕೈ ಮಾಡಿಕೊಂಡೆ, ಒಂದು ಕಳೆದರೂ ಇರಲಿ ಎಂದು ಎರಡು. ಯಾರಿಗೂ ಹೇಳಲಿಲ್ಲ. ಬೀಗ ಹಾಳಾಗಿ ನಿಲ್ಲುತ್ತಿಲ್ಲ ಅಂದೆ, ಊರು ನಂಬಿತು. ಅಂದಿನಿಂದ ಅದು ಮೊಳೆಗೆ ಬಾಯಿ ಬಿಟ್ಟುಕೊಂಡೇ ನೇತಾಡುತ್ತಿದೆ. ನನ್ನನ್ನು ಕಂಡರೆ ಜನ ಪಕ್ಕಕ್ಕೆ ಸರಿಯುತ್ತಾರೆ. ನ್ಯಾಯಬೆಲೆ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದ ದಿನ ಮಾತ್ರ, ಯಾರ ಅಪ್ಪಣೆಯೂ ಬೇಡವಲ್ಲ ಎಂದು, ದಾಕ್ಷಾಯಿಣಮ್ಮಾ ಸ್ವಲ್ಪ ಬನ್ನಿ ಎಂದು ಕರೆದುಕೊಂಡು ಹೋಗುತ್ತಾರೆ.

ಮಂದಾಳ ಬೀಗ ನನ್ನ ಕೈಗೆ ಸಿಕ್ಕಿದ್ದರೆ ಎಂದೋ ಹೀಗೇ ಮಾಡುತ್ತಿದ್ದೆ. ಸಿಕ್ಕಿರಲಿಲ್ಲ. ಕೊಂಡಿಯನ್ನು ಗರಗಸದಲ್ಲಿ ಕೊಯ್ದರಾಯಿತಲ್ಲ ಅನ್ನಬಹುದು. ನಮ್ಮ ಹಿಂದಿನ ಬೀದಿಯ ಚನ್ನವೀರಮ್ಮನಿಗೆ ಅವಳ ಅಣ್ಣ ಹಾಗೆ ಮಾಡಿಸಿದ. ಕೊಯ್ದ ಬೀಗದಲ್ಲಿ ಸಿಟ್ಟು ಉಳಿಯುವುದಿಲ್ಲ, ಹೊರಗೂ ಬರುವುದಿಲ್ಲ. ಅವಳು ಈಗಲೂ ಜಗುಲಿಯ ಮೇಲೆ ಕೂತು ಹೋಗಿ ಬರುವವರಿಗೆಲ್ಲ ನಗುತ್ತಾಳೆ, ಮೈಮೇಲೆ ಇರುವೆ ಹತ್ತಿದರೂ ನಗುತ್ತಾಳೆ. ನನ್ನ ಹಾಗೆ ಕೆದಕಿ ತೆಗೆದರೆ ಸಿಟ್ಟೇನೋ ಬರುತ್ತದೆ. ಆದರೆ ಒಳಗಿನದನ್ನು ಬದಲಾಯಿಸದಿದ್ದರೆ ಗಂಡ ಬಂದು ತನ್ನ ಬೀಗದಕೈ ಹಾಕಿ ತಿರುಗಿಸಿದರೆ ಮುಗಿಯಿತು. ನಮ್ಮೂರಿನ ಬೀಗ ತೆಗೆಯುವುದಕ್ಕೂ ಹಾಕುವುದಕ್ಕೂ ಬೀಗದಕೈ ಬೇಕೇ ಬೇಕು.

ಮಳೆಗಾಲಕ್ಕೆ ಮುಂಚೆ ಬೀಗಗಳಿಗೆ ಎಣ್ಣೆ ಬಿಡುವುದು ಇಲ್ಲಿಯ ಪದ್ಧತಿ. ಅದನ್ನು ಮಾಡುತ್ತಿದ್ದ ಮುದುಕ ಈ ಬೇಸಿಗೆಯಲ್ಲಿ ತೀರಿಕೊಂಡ. ಬೀಗದ ಹುಚ್ಚು ಇರುವವಳು ಹೇಗೂ ಒಬ್ಬಳಿದ್ದಾಳಲ್ಲ ಎಂದು ಮನಸ್ಸಿಲ್ಲದ ಮನಸ್ಸಿನಿಂದ ನನ್ನ ಮನೆಗೆ ತಂದುಕೊಡಲು ಶುರುಮಾಡಿದರು. ಹಾಕಿದ ಬೀಗ ಕೊಡುತ್ತಾರೆ, ಬೀಗದಕೈ ಕೊಡುವುದಿಲ್ಲ. ಬೀಗದಕೈ ಜೋಪಾನವಾಗಿದ್ದರೆ ಸಾಕು ಅನ್ನುವುದು ಅವರ ಲೆಕ್ಕ. ಬೀಗಕ್ಕೆ ಒಂದು ಒಳಗು ಇದೆ, ಅದನ್ನು ಬಿಚ್ಚಬಹುದು ಅನ್ನುವುದು ಆ ತಲೆಗಳಿಗೆ ಹೊಳೆದೇ ಇಲ್ಲ. ಅವತ್ತು ಪಂಚಾಕ್ಷರಿಯ ತಾಯಿ ಗುರುಸಿದ್ದಮ್ಮ ಚೀಲದಲ್ಲಿ ತನ್ನದೂ ಸೊಸೆಯದೂ ಎರಡು ಬೀಗ ತಂದು ಚಾಪೆಯ ಮೇಲಿಟ್ಟರು. ಮಂದಾಳನ್ನೂ ಕರೆತಂದಿದ್ದರು. ಕೈ ಮುರಿದವಳಿಂದ ಅಡುಗೆಮನೆಗೆ ಏನು ಉಪಯೋಗ, ಸಂಜೆವರೆಗೆ ಇಲ್ಲೇ ಇರಲಿ ಎಂದು ಸಮಾಧಾನವಾಗಿ ಹೇಳಿ ಹೋದರು. ಅವರದೂ ಬೀಗ ಹಾಕಿದ ಬಾಳೇ. ಗಂಡನ ನಂತರ ಬೀಗದಕೈ ಮಗನಿಗೆ ಬಂದಿದೆ.

ಒಗೆಯುವ ಕಲ್ಲಿಗೆ ಒದ್ದು ಕುಂಟುತ್ತಾ ಒಳಗೆ ಬಂದವಳು ಮಂದಾಳ ಬೀಗ ಕೈಗೆತ್ತಿಕೊಂಡೆ. ತೆಗೆಯಲಾ ಎಂದು ಅವಳನ್ನು ಕೇಳಿದೆ. “ಯಾಕಕ್ಕಾ, ನನಗೇನ್ ತೊಂದ್ರೆ ಇದೆ?” ಅಂದಳು. ಬೇಡ ಅಂದವಳಿಗೆ ತೆಗೆದದ್ದು ತಪ್ಪು ಎಂದು ಆಮೇಲೆ ಬೀದಿಯ ದೊಡ್ಡ ಮನುಷ್ಯರು ನನಗೆ ಬುದ್ಧಿ ಹೇಳಿದರು. ಬೇಕು ಅನ್ನುವುದಕ್ಕೆ ಏನು ಬೇಕೋ ಅದನ್ನೇ ಕಿತ್ತಿಟ್ಟುಕೊಂಡು, ಅವಳೇ ಬೇಡ ಅಂದಳಲ್ಲ ಅನ್ನುವ ಜನ. ಅವರ ಬಾಯಿಗೆ ಮಣ್ಣು ಹಾಕ.

ಬೀಗದ ಕೆಲಸಕ್ಕೆ ಸಿಟ್ಟು ಆಗುವುದಿಲ್ಲ. ಕೈ ನಡುಗಿದರೆ ಕೆಟ್ಟಿತು. ದಿನದಲ್ಲಿ ನಾನು ಸಿಟ್ಟಿಲ್ಲದೆ ಇರುವುದು ಬೀಗ ಹಿಡಿದಾಗ ಮಾತ್ರ. ಅವತ್ತು ಅದೂ ಸಾಧ್ಯವಾಗಲಿಲ್ಲ. ಛತ್ರಿ ಕಡ್ಡಿ ಬಗ್ಗಿಸಿ ಮಾಡಿದ ತುಂಡಿನಿಂದ ಬೀಗದಕೈ ಹೊಗುವ ಒಳಗಿನ ಉರುಳೆಗೆ ಒಂಚೂರು ಬಿಗಿ ಕೊಟ್ಟು, ತಂತಿಯಿಂದ ಪಿನ್ನುಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳಬೇಕು. ತಳ್ಳುತ್ತೇನೆ, ಪ್ಲಾಸ್ಟರ್ ಕಣ್ಣಿಗೆ ಬೀಳುತ್ತದೆ, ಕೈ ಬಿಗಿಯುತ್ತದೆ, ಎಲ್ಲಾ ಪಿನ್ನೂ ಕೆಳಗಿಳಿಯುತ್ತವೆ. ಕಡೆಗೆ ಅವಳಿಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿ ಕೂತೆ. ಸ್ವಲ್ಪ ಹೊತ್ತಿಗೆ ಉರುಳೆ ತಿರುಗಿತು, ಕೊಂಡಿ ಮೇಲೆದ್ದಿತು.

ಬೆನ್ನ ಹಿಂದೆ ಲೋಟ ಬಿದ್ದ ಸದ್ದಾಯಿತು. “ನನ್ ಹಸಿರು ಟೇಪು ನೀನೇ ತಗೊಂಡಿದ್ದು” ಅಂದಳು ಮಂದಾ.

ತಿರುಗಿ ನೋಡಿದೆ. ಅವಳ ಕತ್ತಿನ ನರ ಎದ್ದಿದ್ದವು. ಸ್ಕೂಲಿನಲ್ಲಿ ಜಡೆಗೆ ಕಟ್ಟುತ್ತಿದ್ದ ಟೇಪು. ಹೌದು, ನಾನೇ ತೆಗೆದುಕೊಂಡಿದ್ದೆ. ಅದನ್ನು ಹಿಡಿದುಕೊಂಡು ಅವಳು ನನ್ನನ್ನು ಉಗಿದು ಉಪ್ಪಿನಕಾಯಿ ಹಾಕಿದಳು. ನನಗೆ ಖುಷಿಯಿಂದ ಅಳು ಬಂತು. ಆದರೆ ಅಳುತ್ತಾ ಕೂರುವಂತಿರಲಿಲ್ಲ. ಈ ಗಲಾಟೆ ಬೀದಿಗೆ ಕೇಳಿಸುತ್ತದೆ, ಯಾರಾದರೂ ಗಿರಣಿಗೆ ಓಡುತ್ತಾರೆ, ಅವನು ಬೀಗದಕೈ ಹಿಡಿದುಕೊಂಡು ಬರುತ್ತಾನೆ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಅವಳು ಮತ್ತೆ ಚಾಪೆಯ ಮೇಲೆ ಕೂತು ಸಕ್ಕರೆ ಕಡಿಮೆಯಾಗಿದೆ ಅನ್ನುತ್ತಾಳೆ. ಇನ್ನೊಂದು ಸಲ ಬೀಗ ನನ್ನ ಕೈಗೆ ಸಿಗುವುದಿಲ್ಲ.

ಕೊಂಡಿ ಎದ್ದ ತೂತಿನೊಳಗೆ ಒಂದು ಸಣ್ಣ ಸ್ಕ್ರೂ ಇರುತ್ತದೆ, ಬೀಗ ತೆಗೆದಾಗ ಮಾತ್ರ ಕಾಣುತ್ತದೆ. ಅದನ್ನು ಬಿಚ್ಚಿದೆ. ಹೊಟ್ಟೆಯೊಳಗಿನ ಸಿಲಿಂಡರು ಕೆಳಗಿನಿಂದ ಜಾರಿ ಕೈಗೆ ಬಂತು. ಇನ್ನು ಅದರೊಳಗಿನ ಉರುಳೆ. ಅಷ್ಟೇ ದಪ್ಪದ ಬಿದಿರು ಕಡ್ಡಿಯನ್ನು ಒಂದು ಕಡೆಯಿಂದ ನೂಕುತ್ತಾ ಉರುಳೆಯನ್ನು ಇನ್ನೊಂದು ಕಡೆಯಿಂದ ಹೊರತೆಗೆಯಬೇಕು. ಮಧ್ಯೆ ಸಂದು ಬಿಟ್ಟರೆ ಸ್ಪ್ರಿಂಗುಗಳು ಚಿಮ್ಮಿ ಎಲ್ಲೋ ಹೋಗುತ್ತವೆ. ಮಂದಾ ಅಷ್ಟರಲ್ಲಿ ಅಪ್ಪನ ಸರದಿಗೆ ಬಂದಿದ್ದಳು, ಓದು ಬಿಡಿಸಿದ್ದಕ್ಕೆ. ಅಪ್ಪನನ್ನು ಅವಳು ಅಂದ ಮಾತುಗಳು ನಾನು ಅನ್ನಬೇಕೆಂದಿದ್ದವೇ. ಉರುಳೆ ಹೊರಬಂತು. ಅದರ ಗುಳಿಗಳಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಹಿತ್ತಾಳೆ ಪಿನ್ನುಗಳು, ಒಂದೊಂದೂ ಒಂದೊಂದು ಉದ್ದ. ಅವನ ಬೀಗದಕೈಗೆ ಇವಳ ಸಿಟ್ಟು ಮಣಿಯುತ್ತಿದ್ದದ್ದು ಇಷ್ಟರಿಂದ. ಅಂಗೈಗೆ ಸುರಿದುಕೊಂಡು ಕಿಟಕಿಯಿಂದಾಚೆ ಬಿಸಾಡಿದೆ.

ಹೊಸ ಬೀಗದಕೈ ಮಾಡಲು ಹೊತ್ತಿರಲಿಲ್ಲ. ನನ್ನ ಬೀಗದ ಎರಡನೆಯದನ್ನೇ ಉರುಳೆಗೆ ತೂರಿಸಿ, ಡಬ್ಬಿಯಿಂದ ಪಿನ್ನು ಆರಿಸತೊಡಗಿದೆ. ಪ್ರತಿ ಗುಳಿಯಲ್ಲೂ ಪಿನ್ನಿನ ತಲೆ ಉರುಳೆಯ ಮೈಗೆ ಸರಿಸಮ ನಿಲ್ಲಬೇಕು, ಉಬ್ಬಿರಬಾರದು, ತಗ್ಗಿರಬಾರದು. ಚಿಮಟದಲ್ಲಿ ಎತ್ತಿ ಹಾಕುತ್ತೇನೆ, ಬೆರಳಲ್ಲಿ ಸವರಿ ನೋಡುತ್ತೇನೆ, ತೆಗೆಯುತ್ತೇನೆ. “ನಾನಿಲ್ಲಿ ಉರೀತಿದೀನಿ, ನೀನು ಅಕ್ಕಿ ಆರಿಸ್ದಂಗೆ ಆರಿಸ್ತಾ ಕೂತಿದೀಯಲ್ಲ” ಎಂದು ಅವಳು ಡಬ್ಬಿಗೆ ಒದ್ದಳು. ಪಿನ್ನು ನೆಲದ ತುಂಬಾ ಚೆಲ್ಲಿದವು. ಬೈಯುತ್ತಾ ಇಬ್ಬರೂ ಮಂಡಿಯೂರಿ ಆರಿಸಿದೆವು, ಅವಳು ಒಂದೇ ಕೈಯಲ್ಲಿ. ಆರಿಸುತ್ತಲೇ ಅವಳು ಮದುವೆಗೆ ಬಂದಳು, ಮದುವೆಯಾದ ಮೊದಲ ವಾರಕ್ಕೆ ಬಂದಳು. ಅದೆಲ್ಲ ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಬರೆಯುವುದಿಲ್ಲ. ಕಡೆಯ ಪಿನ್ನು ಕೂತಿತು. ಉರುಳೆಯನ್ನು ಕಡ್ಡಿಯ ಹಿಂದೆಯೇ ಒಳಗೆ ನೂಕಿ, ಸಿಲಿಂಡರು ಕೂರಿಸಿ, ಸ್ಕ್ರೂ ಬಿಗಿದೆ. ಆ ಬೀಗದಕೈಯನ್ನು ಅವಳ ಕರಿಮಣಿ ಸರದ ಸೇಫ್ಟಿ ಪಿನ್ನಿಗೆ ಸಿಕ್ಕಿಸಿ, ಇನ್ನು ಹಾಕಿಕೊಳ್ಳಬೇಕಾದರೆ ನೀನೇ ಹಾಕಿಕೊಳ್ಳಬೇಕು ಅಂದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಬಾಗಿಲಲ್ಲಿ ಪಂಚಾಕ್ಷರಿ ನಿಂತಿದ್ದ.

ರೆಪ್ಪೆಯ ಮೇಲೆಲ್ಲ ಹಿಟ್ಟು, ಮೈಯೆಲ್ಲ ಬೆವರು. ಅವನ ಹಿಂದೆ ಬೀದಿಯ ಹೆಂಗಸರು ಬಂದು ನಿಂತಿದ್ದರು. ಎಲ್ಲರೂ ಬೀಗ ಹಾಕಿದವರು, ತೇರು ನೋಡುವವರ ಹಾಗೆ ಆರಾಮವಾಗಿ ನೋಡುತ್ತಿದ್ದರು. ಅವನು ನನ್ನ ಮುಖ ಕೂಡ ನೋಡಲಿಲ್ಲ. ನೇರ ಬಂದು ಚಾಪೆಯ ಮೇಲಿದ್ದ ಬೀಗ ಎತ್ತಿಕೊಂಡು, ಕೊಂಡಿ ಒತ್ತಿ, ಉಡಿದಾರದ ಬೀಗದಕೈ ತೂರಿಸಿ ತಿರುಗಿಸಿದ. ತಿರುಗಲಿಲ್ಲ. ಪಂಚೆಗೆ ಒರೆಸಿ ಮತ್ತೆ ಹಾಕಿದ. ಹೆಬ್ಬೆರಳು ಬಿಳಿಚಿಕೊಳ್ಳುವಷ್ಟು ಒತ್ತಿದ. ಅವನ ಮುಖದಲ್ಲಿ ನಾನು ಮೊದಲ ಸಲ ಹೆದರಿಕೆ ನೋಡಿದೆ. ಆ ಮುಖವನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬೇಕು ಅನ್ನಿಸಿತು.

“ಇನ್ನೊಂದ್ ಸಲ ತಿರುಗ್ಸು” ಅಂದಳು ಮಂದಾ. ಮದುವೆಯಾದಾಗಿನಿಂದ ಅವನಿಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ.

ಅವನು ದನಿ ತಗ್ಗಿಸಿ, ಮನೆ ವಿಷಯ ಮನೆಯಲ್ಲಿ ಮಾತಾಡೋಣ, ಹೊಸ ಬೀಗದಕೈ ಎಲ್ಲಿದೆ ಕೊಡಿ ಎಂದು ನನ್ನನ್ನು ಕೇಳಿದ. ಮಂದಾ ಅವನನ್ನು ದಾಟಿ ಬಾಗಿಲ ಹತ್ತಿರ ಹೋದಳು. ಪ್ಲಾಸ್ಟರ್ ಹಾಕಿದ ಕೈ ಎತ್ತಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಇಟ್ಟಳು.

“ಅವತ್ತು ನನ್ ಕೈ ನೋಡಿದೆ. ಮುಖಾನೂ ನೋಡಿದೆ. ಇವಳೇನೂ ಅನ್ನಲ್ಲ ಅಂತ ಗೊತ್ತಿದ್ದೇ ಬಾಗಿಲು ಹಾಕಿದೆ. ಈಗ ಅನ್ತೀನಿ. ಈಗ ಹಾಕು.”

ಅವಳ ದನಿ ಜೋರಿರಲಿಲ್ಲ. ಅವನು ಬಾಗಿಲನ್ನು ನೋಡಿದ, ಕೈಯನ್ನು ನೋಡಿದ, ಕೈಯಲ್ಲಿದ್ದ ಬೀಗವನ್ನು ನೋಡಿದ. ಹಾಕು ಎಂದು ಅವಳು ಇನ್ನೊಮ್ಮೆ ಅಂದಾಗ ಬೀಗವನ್ನು ನೆಲಕ್ಕೆ ಕುಕ್ಕಿ, ತಲೆ ತಗ್ಗಿಸಿ, ಅವಳ ತೋಳಿನ ಕೆಳಗೆ ನುಸುಳಿಕೊಂಡು ಹೊರಟುಹೋದ. ತಾಯಿಯ ಬೀಗವೂ ಅಲ್ಲೇ ಚೀಲದಲ್ಲಿತ್ತು. ಅದು ಅವನಿಗೆ ನೆನಪೇ ಆಗಲಿಲ್ಲ. ಒಂದು ಮುದುಕಿಯ ಸಿಟ್ಟು ಯಾರಿಗೆ ನೆನಪಿರುತ್ತದೆ?

ಅವನು ಹೋದ ಮೇಲೆ ಮಂದಾ ಬಾಗಿಲಿಗೆ ಒರಗಿ ಕೂತು ಕೈ ನೋವು ಎಂದು ಗೋಳೋ ಎಂದು ಅತ್ತಳು. ಮುರಿದ ದಿನ ಅಳಬೇಕಿದ್ದದ್ದು. ಅವಳು ತಿರುಗಿ ಆ ಮನೆಗೆ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಗುರುಸಿದ್ದಮ್ಮ ಬಂದರು. ಬಂದದ್ದು ತಮ್ಮ ಬೀಗ ವಾಪಸು ತೆಗೆದುಕೊಂಡು ಹೋಗುವುದಕ್ಕೆ, ಮಗ ಕಳಿಸಿದ್ದ. ಮಂದಾ ಅವರನ್ನು ಕಂಡವಳೇ ಮುಖ ಸಿಂಡರಿಸಿಕೊಂಡು ಹಿತ್ತಲಿಗೆ ಹೋದಳು. ಅವರ ಪಾಲಿನ ಸಿಟ್ಟು ಅವಳಲ್ಲಿ ಇನ್ನೂ ಉಳಿದಿತ್ತು. ಗುರುಸಿದ್ದಮ್ಮ ಏನೂ ಅಂದುಕೊಳ್ಳಲಿಲ್ಲ. ನಾನು ಎಣ್ಣೆ ಒರೆಸಿ ಬೀಗ ಕೈಗಿಟ್ಟೆ. ಹಳೇ ಕಾಲದ ತೂಕದ ಬೀಗ. ಅದನ್ನು ಎರಡು ಕೈಯಲ್ಲೂ ತಿರುಗಿಸಿ ತಿರುಗಿಸಿ ನೋಡಿದರು. ಹೊರಡಲಿಲ್ಲ. ನಿಧಾನವಾಗಿ ಚಾಪೆಯ ಮೇಲೆ ಕೂತು ಅದನ್ನು ನನ್ನ ಕಡೆಗೇ ಸರಿಸಿದರು.

“ನಂಗೇನೂ ಸಿಟ್ಟಿಲ್ಲ ಕಣಮ್ಮ. ಏತಕ್ಕೆ ಬರಬೇಕಿತ್ತು ಅಂತ ನೋಡಬೇಕು, ಅಷ್ಟೇಯ.”

ಒಟ್ಟಿಗೇ ಬರುತ್ತದೆ, ಈ ವಯಸ್ಸಿಗೆ ತಡೆದುಕೊಳ್ಳುವುದು ಕಷ್ಟ ಎಂದು ಹೇಳಿದೆ. ತಲೆಯಾಡಿಸಿದರು. ಮೊದಲು ಯಾರ ಮೇಲೆ ಬರುತ್ತದೆ ಎಂದು ಕೇಳಿದರು. ಹಳೆಯದು ಮೊದಲು, ಅಪ್ಪನ ಮನೆಯದು, ಆಮೇಲೆ ಅತ್ತೆ ಮನೆಯದು, ಆಮೇಲೆ ಗಂಡನದು, ಹೀಗೇ ಸಾಲಾಗಿ ಎಂದೆ. ಕೊನೆಗೆ ಮಗನದಾ ಅಂದರು. ಹೌದು, ಕೊನೆಗೆ ಮಗನದು ಅಂದೆ. ಸ್ವಲ್ಪ ನೀರು ಕೇಳಿದರು. ಕುಡಿದು, ಲೋಟವನ್ನು ಕೈಗೆ ಎಟುಕದಷ್ಟು ದೂರ ಇಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಬೀದಿಯವರಿಗೆ ಕಾಣುವುದು ಬೇಡವೆಂದು ನಾನು ಬಾಗಿಲು ಹಾಕಲು ಎದ್ದೆ.

“ತೆಗ್ದೇ ಇರಲಿ ಬಿಡು” ಅಂದರು ಗುರುಸಿದ್ದಮ್ಮ, ಒಲೆಯ ಮೇಲೆ ಇಟ್ಟ ಬೇಳೆಯ ವಿಷಯ ಹೇಳುವವರ ಹಾಗೆ. “ಮಧ್ಯಾಹ್ನ ಊಟಕ್ಕೆ ನಾನಿಲ್ಲ ಅಂದ್ರೆ ಅವನು ಹುಡಿಕ್ಕೊಂಡು ಇಲ್ಲಿಗೇ ಬರ್ತಾನೆ. ಅಷ್ಟೊತ್ತಿಗೆ ಅವನ ಸರದಿ ಬಂದಿರತ್ತೆ.”

ನಾನು ಪಿನ್ನಿನ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡು ಛತ್ರಿ ಕಡ್ಡಿ ಕೈಗೆತ್ತಿಕೊಂಡೆ. ಅವತ್ತು ನನ್ನ ಕೈ ಒಂಚೂರೂ ನಡುಗಲಿಲ್ಲ.